ಫ್ಯೋರ್ಡ್ ದಾರಿಯಲ್ಲಿ ಇಬ್ಬರು: ಓದುಗರ ಪ್ರಶ್ನೆಗಳಿಗೆ ಉತ್ತರ

ಎರಡು ಸಂಚಿಕೆಗಳ ಹಿಂದೆ, ನಾನೂ ನಮ್ಮವರೂ ಜೂನ್ ಮೂರನೇ ವಾರದಿಂದ ಮೂರು ವಾರ ಬಾಡಿಗೆ ಕಾರಿನಲ್ಲಿ ನಾರ್ವೆ ಸುತ್ತಿದ್ದರ ಬಗ್ಗೆ ಇದೇ ಪುಟಗಳಲ್ಲಿ ಬರೆದಿದ್ದೆ. ಓಸ್ಲೋದಿಂದ ಹೊರಟು ಔರ್ಲಾಂಡ್, ಹಾರ್ಡಾಂಗರ್, ಬರ್ಗನ್, ಗೈರಂಗರ್, ಓಲೆಸುಂಡ್, ಟ್ರೋನ್‌ಹೈಮ್ ಮುಟ್ಟಿ ಮತ್ತೆ ಓಸ್ಲೋಗೆ ಬಂದು ಸೇರಿದ ಸುತ್ತು ಅದು. ಪತ್ರಗಳು ಬಂದಿವೆ. ಅರ್ಧದಷ್ಟು ಪತ್ರಗಳಲ್ಲಿ ಇರುವುದು ಒಂದೇ ಪ್ರಶ್ನೆ. ಊರಿನ ಹೆಸರುಗಳಷ್ಟೇ ಹಿಂದುಮುಂದು. ಅದರಿಂದಲೇ ಶುರು ಮಾಡುತ್ತೇನೆ. ನಾನು ಮೂವತ್ತೊಂದು ವರ್ಷ ಭೂಗೋಳ ಪಾಠ ಮಾಡಿದವಳು. ಉತ್ತರಗಳಲ್ಲಿ ಅಲ್ಲಲ್ಲಿ ಬೆತ್ತ ಕಂಡರೆ ಸಹಿಸಿಕೊಳ್ಳಿ.

ಪ್ರಶ್ನೆ: ನಮಗೆ ಒಂಬತ್ತು ದಿನ ರಜೆ ಸಿಗುತ್ತದೆ. ಓಸ್ಲೋ, ಸ್ಟಾವಂಗರ್, ಬರ್ಗನ್, ಗೈರಂಗರ್, ಲೊಫೊಟೆನ್, ನೂರ್‌ಕಾಪ್ ಇಷ್ಟನ್ನೂ ಕಾರಿನಲ್ಲಿ ನೋಡಬೇಕೆಂದಿದ್ದೇವೆ. ದಿನಗಳನ್ನು ಹೇಗೆ ಹಂಚಿಕೊಳ್ಳುವುದು?

ಹಂಚಿಕೊಳ್ಳಲು ಏನೂ ಉಳಿಯುವುದಿಲ್ಲ. ಓಸ್ಲೋದಿಂದ ಉತ್ತರ ತುದಿಯ ನೂರ್‌ಕಾಪ್‌ಗೆ ರಸ್ತೆಯಲ್ಲಿ ಸುಮಾರು ಎರಡು ಸಾವಿರ ಕಿಲೋಮೀಟರ್. ಅದು ಹೋಗುವುದಕ್ಕೆ ಮಾತ್ರ, ಬರಬೇಕಲ್ಲ! ನಾರ್ವೆಯ ನಕ್ಷೆ ನೋಡುವವರೆಲ್ಲ ಮಾಡುವ ತಪ್ಪು ಇದು: ದೇಶ ಕಿರಿದಾಗಿದೆ, ಬೇಗ ಮುಗಿಯುತ್ತದೆ ಎಂದುಕೊಳ್ಳುತ್ತಾರೆ. ಅಗಲ ಕಿರಿದು, ಉದ್ದ ಕಿರಿದಲ್ಲ.

ಅದಕ್ಕಿಂತ ಮುಖ್ಯವಾದ ಮಾತು ವೇಗದ್ದು. ಊರಿನೊಳಗೆ ಗಂಟೆಗೆ 50, ಹೊರಗೆ ಸಾಮಾನ್ಯವಾಗಿ 80 ಕಿಲೋಮೀಟರ್ ಮಿತಿ. ಪಶ್ಚಿಮದ ರಸ್ತೆಗಳಲ್ಲಿ ಆ ಎಂಬತ್ತನ್ನೂ ಮುಟ್ಟಲು ಬೆಟ್ಟ ಬಿಡುವುದಿಲ್ಲ. ಒಂದು ತಿರುವು, ಒಂದು ಸುರಂಗ, ಮುಂದೆ ಒಂದು ಟ್ರ್ಯಾಕ್ಟರ್, ಅದರ ಹಿಂದೆ ಫೆರ್ರಿಗಾಗಿ ನಿಂತ ಸಾಲು. ನೂರು ಕಿಲೋಮೀಟರ್ ಎಂದರೆ ಎರಡು ಗಂಟೆ ಎಂದೇ ಲೆಕ್ಕ ಹಾಕಿ. ನಾವು ಮೊದಲ ದಿನ ಓಸ್ಲೋದಿಂದ ಮುನ್ನೂರು ಕಿಲೋಮೀಟರಿಗೂ ಹೆಚ್ಚು ಓಡಿಸಿ ಬಳಲಿ ಬೆಂಡಾಗಿ ಔರ್ಲಾಂಡ್ ಸೇರಿದ ರಾತ್ರಿಯೇ ಒಂದು ನಿಯಮ ಮಾಡಿಕೊಂಡೆವು: ದಿನಕ್ಕೆ ಇನ್ನೂರು ಕಿಲೋಮೀಟರ್ ಮೀರುವಂತಿಲ್ಲ. ಟ್ರೋನ್‌ಹೈಮ್‌ನಿಂದ ದಕ್ಷಿಣಕ್ಕೆ ಮರಳುವಾಗ ಬಿಟ್ಟರೆ ಆ ನಿಯಮ ಮುರಿಯಲಿಲ್ಲ.

ಒಂಬತ್ತೇ ದಿನವಾದರೆ ಓಸ್ಲೋ, ಔರ್ಲಾಂಡ್ ಸುತ್ತಮುತ್ತ ಮೂರು ರಾತ್ರಿ, ಹಾರ್ಡಾಂಗರ್, ಬರ್ಗನ್. ಅಷ್ಟೇ. ಉಳಿದ ಹೆಸರುಗಳನ್ನು ಹೊಡೆದುಹಾಕಿ. ಮನಸ್ಸು ಒಪ್ಪದಿದ್ದರೆ ಚೀಟಿಯನ್ನು ನನಗೆ ಕಳುಹಿಸಿ, ನಾನೇ ಹೊಡೆದುಹಾಕುತ್ತೇನೆ.

ಪ್ರಶ್ನೆ: ಫ್ಯೋರ್ಡ್ ಎಂದರೆ ಕೊನೆಗೂ ಬೆಟ್ಟದ ನಡುವಿನ ನೀರು ತಾನೆ? ಒಂದು ನೋಡಿದರೆ ಎಲ್ಲವನ್ನೂ ನೋಡಿದಂತೆ ಅಲ್ಲವೇ?

ಇದೇ ಮಾತನ್ನು ನಮ್ಮವರು ವಿಮಾನದಲ್ಲಿ ಹೇಳಿದ್ದರು. ನಾಲ್ಕನೆಯ ದಿನಕ್ಕೆ ಹಿಂತೆಗೆದುಕೊಂಡರು.

ಕಪ್ಪುಹಲಗೆಯ ಮೇಲೆ ನಾನು ವರ್ಷವರ್ಷವೂ ಬರೆಯುತ್ತಿದ್ದ ಚಿತ್ರ ಹೀಗೆ: ನದಿ ಕೊರೆದ ಕಣಿವೆ ಬೊಗಸೆಯ ಹಾಗೆ ಕೆಳಗೆ ಚೂಪಾಗಿರುತ್ತದೆ, ಹಿಮನದಿ ಕೊರೆದ ಕಣಿವೆ ತೊಟ್ಟಿಯ ಹಾಗೆ ಅಗಲ ತಳ, ಕಡಿದಾದ ಗೋಡೆ. ಹಿಮಯುಗಗಳ ಮಂಜುಗಡ್ಡೆ ಆ ತೊಟ್ಟಿಯನ್ನು ಸಮುದ್ರ ಮಟ್ಟಕ್ಕಿಂತ ಎಷ್ಟೋ ಕೆಳಕ್ಕೆ ಅಗೆದು, ಕರಗಿ ಹಿಂದೆ ಸರಿದಾಗ ಕಡಲು ಒಳಗೆ ಬಂತು. ಸೋಗ್ನೆಫ್ಯೋರ್ಡ್ 200 ಕಿಲೋಮೀಟರಿಗೂ ಉದ್ದ ಒಳನಾಡಿಗೆ ಚಾಚಿದೆ, ಆಳ 1,300 ಮೀಟರ್. ಕಡಲು ಸೇರುವ ಬಾಯಿಯಲ್ಲಿ ಮಾತ್ರ ಅಷ್ಟು ಆಳವಿಲ್ಲ. ಹಿಮನದಿ ಅಲ್ಲಿಗೆ ಬರುವಷ್ಟರಲ್ಲಿ ತೆಳುವಾಗಿ ಅದರ ಅಗೆಯುವ ಬಲ ತಗ್ಗಿತ್ತು. ಇಷ್ಟನ್ನು ಚಿತ್ರದಲ್ಲಿ ತೋರಿಸಿ ಹತ್ತು ಅಂಕಕ್ಕೆ ಪ್ರಶ್ನೆ ಕೇಳುತ್ತಿದ್ದೆ. ದೋಣಿಯ ಕಟಕಟೆ ಹಿಡಿದು ನಿಂತು, ತಲೆಯ ಮೇಲಿರುವ ಗೋಡೆಯಷ್ಟೇ ಎತ್ತರದ ಗೋಡೆ ಕಾಲಡಿಯ ನೀರಿನೊಳಗೂ ಇದೆ ಎಂದು ತಿಳಿದಾಗ ಮೊಣಕಾಲು ಸಡಿಲವಾದದ್ದು ಮಾತ್ರ ಯಾವ ಪಾಠದಲ್ಲೂ ಇರಲಿಲ್ಲ.

ಇನ್ನು ವ್ಯತ್ಯಾಸ. ನೇರೋಯ್‌ಫ್ಯೋರ್ಡ್ ಇಕ್ಕಟ್ಟು, ಅತಿ ಕಿರಿದಾದ ಕಡೆ ಅಗಲ 250 ಮೀಟರ್ ಮಾತ್ರ, ಇಕ್ಕೆಲದಲ್ಲಿ 1,700 ಮೀಟರ್ ವರೆಗಿನ ಬೆಟ್ಟಗಳು. ಫ್ಲೋಮ್‌ನಿಂದ ಗುದ್ವಾಂಗೆನ್‌ವರೆಗೆ ಎರಡು ಗಂಟೆ ಬ್ಯಾಟರಿ ದೋಣಿಯಲ್ಲಿ ಹೋದೆವು. ಎಂಜಿನ್ ಸದ್ದಿಲ್ಲ. ದಡದ ಆಡುಗಳ ಕೊರಳ ಗಂಟೆ ಕೇಳಿಸುತ್ತದೆ. ಗೈರಂಗರ್ ಹಾಗಲ್ಲ, ಅದು ಜಲಪಾತಗಳ ಜಾತ್ರೆ. ‘ಏಳು ಸೋದರಿಯರು’ ಒಂದು ದಡದಲ್ಲಿ ಇಳಿಯುತ್ತಾರೆ. ಎದುರು ದಡದಲ್ಲಿ ಒಂಟಿಯಾಗಿ ಧುಮುಕುವ ಜಲಪಾತದ ಹೆಸರು ‘ವರ’. ಏಳು ಜನರನ್ನೂ ಕೇಳಿ, ಏಳು ಸಲವೂ ಇಲ್ಲ ಎನ್ನಿಸಿಕೊಂಡವನಂತೆ. ಬಂಡೆಯ ಅಂಚಿನಲ್ಲಿ ಗಿಡುಗನ ಗೂಡಿನಂತೆ ಕೂತ ಹೊಲಮನೆಗಳನ್ನು ಜನ ಬಿಟ್ಟುಹೋಗಿ ದಶಕಗಳಾಗಿವೆ. ಈ ಎರಡೂ ಫ್ಯೋರ್ಡ್‌ಗಳು 2005ರಿಂದ ಯುನೆಸ್ಕೋ ಪಟ್ಟಿಯಲ್ಲಿವೆ. ಹಾರ್ಡಾಂಗರ್ ಇನ್ನೂ ಬೇರೆ: ಇಳಿಜಾರಿನ ತುಂಬ ಸೇಬು, ಚೆರ್ರಿ ತೋಟ, ಮೇಲೆ ಹಿಮ, ಕೆಳಗೆ ಉಪ್ಪುನೀರು.

ಚೆಲುವಿನ ಮಾತಿನ ನಡುವೆ ಇನ್ನೊಂದನ್ನೂ ಹೇಳಬೇಕು. ಗೈರಂಗರ್‌ನ ನೆರೆಯ ತಾಫ್ಯೋರ್ಡ್‌ನಲ್ಲಿ 1934ರ ಏಪ್ರಿಲ್ 7ರ ರಾತ್ರಿ ಬೆಟ್ಟದ ಒಂದು ಹೋಳು ನೀರಿಗೆ ಜಾರಿ, ಎದ್ದ ಅಲೆಗೆ 40 ಜನ ಸತ್ತರು. ಗೈರಂಗರ್‌ಗೆ ಹೋಗುವ ದಾರಿಯ ಓಕರ್ನೆಸೆಟ್ ಎಂಬ ಬೆಟ್ಟದ ಬಿರುಕು ನಿಧಾನವಾಗಿ ಅಗಲವಾಗುತ್ತಿದೆ. ಉಪಕರಣಗಳನ್ನಿಟ್ಟು ಹಗಲಿರುಳೂ ಅದನ್ನು ಅಳೆಯುತ್ತಾರೆ. ನಾವು ಉಳಿದುಕೊಂಡ ಮನೆಯ ಅಜ್ಜಿ ಕಾಫಿ ಬಗ್ಗಿಸುತ್ತಲೇ, ಮಳೆಯ ಸುದ್ದಿ ಹೇಳುವ ದನಿಯಲ್ಲಿ, ಸೈರನ್ ಕೂಗಿದರೆ ಯಾವ ದಾರಿ ಹತ್ತಬೇಕೆಂದು ತೋರಿಸಿದರು.

ಪ್ರಶ್ನೆ: ಫೆರ್ರಿಗಳಿಗೆ ಮುಂಗಡ ಟಿಕೆಟ್ ತೆಗೆಯಬೇಕೇ? ತಪ್ಪಿಹೋದರೆ ಏನು ಗತಿ?

ತಪ್ಪಿಹೋದರೆ ಮುಂದಿನದು ಬರುತ್ತದೆ. ಇಷ್ಟು ನೆಮ್ಮದಿಯ ಉತ್ತರ ಈ ಅಂಕಣದಲ್ಲಿ ಬೇರೆಯದಿಲ್ಲ.

ಹೆದ್ದಾರಿಯ ಭಾಗವಾಗಿಯೇ ಓಡುವ ಸಾಮಾನ್ಯ ಫೆರ್ರಿಗಳಿಗೆ ಮುಂಗಡ ಬೇಡ. ರಸ್ತೆ ನೀರಿನ ಅಂಚಿಗೆ ಬಂದು ನಿಲ್ಲುತ್ತದೆ, ನೆಲದ ಮೇಲೆ ಗೆರೆ ಎಳೆದ ಸಾಲುಗಳಿರುತ್ತವೆ, ಸಾಲಿನಲ್ಲಿ ನಿಲ್ಲಿಸಿ. ಕ್ಯಾಮೆರಾ ಕಾರಿನ ಸಂಖ್ಯಾಫಲಕ ಓದಿಕೊಳ್ಳುತ್ತದೆ, ಲೆಕ್ಕ ಆಮೇಲೆ ಬರುತ್ತದೆ. ಹೆಲ್ಲೆಸಿಲ್ಟ್‌ನಿಂದ ಗೈರಂಗರ್‌ಗೆ ಫ್ಯೋರ್ಡ್ ಉದ್ದಕ್ಕೂ ಒಂದು ಗಂಟೆ ಸಾಗುವ ಪ್ರವಾಸಿ ಫೆರ್ರಿ ಮಾತ್ರ ಬೇರೆ ಜಾತಿ. ಬೇಸಿಗೆಯಲ್ಲಿ ಅದಕ್ಕೆ ಮುಂಗಡ ತೆಗೆದಿಡಿ.

ಒಂದು ಎಚ್ಚರಿಕೆ. ಒಂದೇ ಧಕ್ಕೆಯಿಂದ ಎರಡು ಊರಿಗೆ ಫೆರ್ರಿ ಹೊರಡುವುದುಂಟು, ಸಾಲುಗಳೂ ಬೇರೆ ಬೇರೆ. ನಾವು ಒಮ್ಮೆ ತಪ್ಪು ಸಾಲಿನಲ್ಲಿ ಬೆನ್ನು ಸೆಟೆಸಿ ಕೂತಿದ್ದೆವು. ಕಿತ್ತಳೆ ಅಂಗಿಯ ಹುಡುಗಿಯೊಬ್ಬಳು ಕಿಟಕಿ ತಟ್ಟಿ, ಎಲ್ಲಿಗೆ ಎಂದು ಕೇಳಿ, ನಕ್ಕು, ಪಕ್ಕದ ಸಾಲಿನ ಬಾಲಕ್ಕೆ ಕಳುಹಿಸಿದಳು.

ಐಡ್ಸ್‌ದಾಲ್‌ನಲ್ಲಿ ನಮ್ಮ ಮುಂದಿನ ಕಾರಿಗೇ ದೋಣಿ ತುಂಬಿತು. ಸರಪಳಿ ಎಳೆದುಬಿಟ್ಟರು. ನಮ್ಮವರು ಸ್ಟೇರಿಂಗ್ ಚಕ್ರಕ್ಕೆ ಹಣೆ ಒತ್ತಿ ಕೂತರು. ಹಿಂದಿನ ಕಾರಿನ ನಾರ್ವೆಯ ದಂಪತಿ ಮಾತ್ರ ಇದಕ್ಕಾಗಿಯೇ ಕಾದಿದ್ದವರಂತೆ ಇಳಿದು, ಮಡಚುವ ಕುರ್ಚಿ ಎರಡು ಹಾಕಿ, ಥರ್ಮಾಸ್ ತೆರೆದು, ನೀರಿನ ಕಡೆ ಮುಖ ಮಾಡಿ ಕೂತರು. ಅರ್ಧ ಗಂಟೆ ಅವರು ಆಡಿದ್ದು ನಾಲ್ಕೇ ಮಾತಿರಬೇಕು. ಅವರನ್ನು ನೋಡಿ ನಾವೂ ಇಳಿದೆವು. ಫೆರ್ರಿ ತಪ್ಪಿಸಿಕೊಂಡರೆ ನಷ್ಟವೆಂದು ಎಣಿಸುವುದನ್ನು ಅಂದಿಗೆ ಬಿಟ್ಟೆ.

ವೆಸ್ಟ್‌ನೆಸ್‌ನಿಂದ ಮೋಲ್ದೆಗೆ ದಾಟುವಾಗ ಕಾರಿನಲ್ಲೇ ಕೂರಬೇಡಿ. ಮೇಲೆ ಹೋಗಿ ‘ಸ್ವೇಲೆ’ ಕೇಳಿ. ದಪ್ಪ, ಮೆತ್ತನೆಯ ದೋಸೆಯಂಥದು. ಬೆಣ್ಣೆ ಸಕ್ಕರೆ ಸವರಿ ಅರ್ಧಕ್ಕೆ ಮಡಚಿ ಕೊಡುತ್ತಾರೆ. ಆ ಭಾಗದ ಫೆರ್ರಿಗಳ ಖ್ಯಾತಿಯೇ ಅದರಿಂದ. ಇನ್ನೊಂದು ಸಂಗತಿ ನಮ್ಮವರ ಪರವಾಗಿ, ಅವರಿಗೆ ಯಂತ್ರಗಳ ಹುಚ್ಚು: ಸೋಗ್ನೆಫ್ಯೋರ್ಡ್ ದಾಟಿಸುವ ಲಾವಿಕ್–ಒಪ್ಪೆದಾಲ್ ಮಾರ್ಗದಲ್ಲಿ 2015ರಲ್ಲಿ ಓಡಲು ಶುರುವಾದ ‘ಆಂಪಿಯರ್’ ಪೂರ್ತಿ ಬ್ಯಾಟರಿಯಿಂದ ನಡೆಯುವ ಜಗತ್ತಿನ ಮೊದಲ ಕಾರು ಫೆರ್ರಿ. ಇಪ್ಪತ್ತು ನಿಮಿಷದ ದಾಟು. ಆ ಇಪ್ಪತ್ತು ನಿಮಿಷವೂ ಅವರು ಫ್ಯೋರ್ಡ್‌ಗೆ ಬೆನ್ನು ಹಾಕಿ ಚಾರ್ಜಿಂಗ್ ತೋಳನ್ನು ಹುಡುಕುತ್ತಿದ್ದರು.

ಪ್ರಶ್ನೆ: ವಿದ್ಯುತ್ ಕಾರು ತೆಗೆದುಕೊಂಡದ್ದು ಸರಿಯೇ? ಬೆಟ್ಟದ ಮೇಲೆ ಬ್ಯಾಟರಿ ಮುಗಿದರೆ?

ಆ ದೇಶದಲ್ಲಿ 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ವಿದ್ಯುತ್ತಿನವು. ಚಾರ್ಜರ್‌ಗಳು ಅಂಗಡಿ ಮುಂದೆ, ಊಟದ ಮನೆ ಮುಂದೆ, ಕುರಿಗಳು ಮಲಗುವ ತಿರುವಿನಲ್ಲೂ ಇವೆ. ತಲೆನೋವು ಬೇರೆ: ಒಂದೊಂದು ಕಂಪನಿಗೆ ಒಂದೊಂದು ಆಪ್. ಮೊದಲ ಮೂರು ದಿನ ನಾನು ನೋಡಿದ್ದಕ್ಕಿಂತ ಪಾಸ್‌ವರ್ಡ್ ಒತ್ತಿದ್ದೇ ಹೆಚ್ಚು. ಗೈರಂಗರ್ ಮೇಲಿನ ಡಾಲ್ಸ್‌ನಿಬ್ಬಾ ಸುಮಾರು 1,500 ಮೀಟರ್ ಎತ್ತರದಲ್ಲಿದೆ; ಹತ್ತುವಾಗ ಬ್ಯಾಟರಿ ಕರಗುವುದನ್ನು ನೋಡಿ ನನಗೆ ಕಳವಳವಾಯಿತು. ಇಳಿದು ನೀರಿನ ಮಟ್ಟಕ್ಕೆ ಬರುವಷ್ಟರಲ್ಲಿ ನಾಲ್ಕು ಶೇಕಡಾ ಮರಳಿ ತುಂಬಿತ್ತು. ಆ ನಾಲ್ಕು ಶೇಕಡಾವನ್ನು ನಮ್ಮವರು ತಾವೇ ಬೆವರು ಸುರಿಸಿ ಸಂಪಾದಿಸಿದಂತೆ ಊರೆಲ್ಲ ಹೇಳಿಕೊಂಡು ಬಂದಿದ್ದಾರೆ.

ಪ್ರಶ್ನೆ: ಚಾಲನೆಯ ನಿಯಮಗಳಲ್ಲಿ ಮುಖ್ಯವಾದವು ಯಾವುವು?

ರಸ್ತೆಯ ಬಲಬದಿಯಲ್ಲಿ ಓಡಿಸಬೇಕು. ಹಗಲಲ್ಲೂ ದೀಪ ಹಚ್ಚಿರಲೇಬೇಕು. ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲದಿಂದ ಬರುವವರಿಗೆ ದಾರಿ ಬಿಡಬೇಕು. ಬಾಡಿಗೆ ಕಾರಿನವರು ಎಡವುವುದು ಇಲ್ಲೇ. ರಕ್ತದಲ್ಲಿ ಮದ್ಯದ ಮಿತಿ 0.02 ಶೇಕಡಾ, ಅಂದರೆ ಕುಡಿದವರು ಕೀಲಿಯನ್ನು ಮುಟ್ಟುವುದೇ ಬೇಡ. ವೇಗದ ದಂಡ ಕೇಳಿದರೆ ಊಟ ರುಚಿಸದು.

ಒಂದೇ ಕಾರು ಹಿಡಿಸುವ ರಸ್ತೆಗಳಲ್ಲಿ ನೀಲಿ ಫಲಕದ ಮೇಲೆ ‘ಎಂ’ ಅಕ್ಷರ ಕಂಡರೆ ಅದು ಎದುರಿನವರಿಗೆ ಜಾಗ ಬಿಡಲು ಅಗಲ ಮಾಡಿದ ತಾಣ. ಫೋಟೋ ತೆಗೆಯಲು ಅಲ್ಲಿ ಕಾರು ನಿಲ್ಲಿಸುವವರನ್ನು ಕಂಡರೆ ಸ್ಥಳೀಯರು ಬಯ್ಯುವುದಿಲ್ಲ, ನೋಡುತ್ತಾರೆ. ಅದು ಬಯ್ಗುಳಕ್ಕಿಂತ ಕಷ್ಟ. ಕುರಿಗಳು ಬೇಸಿಗೆಯಲ್ಲಿ ಡಾಂಬರಿನ ಮೇಲೆ ಬೆಚ್ಚಗೆ ಮಲಗಿರುತ್ತವೆ, ಹಾರ್ನ್‌ಗೆ ಏಳುವುದಿಲ್ಲ. ಇಳಿದುಹೋಗಿ ಮಾತನಾಡಿಸಬೇಕು.

ಪ್ರಶ್ನೆ: ನಾಚಿಕೆ ಬಿಟ್ಟು ಕೇಳುತ್ತೇನೆ. ಅಷ್ಟು ದಿನ ಒಂದೇ ಕಾರಿನಲ್ಲಿ ಗಂಡ ಹೆಂಡತಿ. ಜಗಳವಾಗಲಿಲ್ಲವೇ?

ಆಯಿತು. ಲೇರ್ದಾಲ್‌ನಲ್ಲಿ, ಮೊದಲ ದಿನವೇ.

ಲೇರ್ದಾಲ್‌ನಿಂದ ಔರ್ಲಾಂಡ್‌ಗೆ ಎರಡು ದಾರಿಗಳಿವೆ. ಒಂದು ಬೆಟ್ಟದ ಹೊಟ್ಟೆಯೊಳಗೆ: 2000ದಲ್ಲಿ ತೆರೆದ, 24.5 ಕಿಲೋಮೀಟರ್ ಉದ್ದದ, ಜಗತ್ತಿನ ಅತಿ ಉದ್ದದ ರಸ್ತೆ ಸುರಂಗ. ಇನ್ನೊಂದು ಬೆಟ್ಟದ ನೆತ್ತಿಯ ಮೇಲೆ: 47 ಕಿಲೋಮೀಟರ್, 1,306 ಮೀಟರ್ ಎತ್ತರದವರೆಗೆ ಏರುವ ‘ಹಿಮದ ರಸ್ತೆ’. ಚಳಿಗಾಲವಿಡೀ ಮುಚ್ಚಿದ್ದು ಬೇಸಿಗೆಗೆ ತೆರೆಯುವ ಹಾದಿ. ನನಗೆ ನೆತ್ತಿ ಬೇಕಿತ್ತು. ನಮ್ಮವರು ಬೆಳಗಿನಿಂದ ಆರು ಗಂಟೆ ಓಡಿಸಿದ್ದರು, ಮೇಲೆ ಮೋಡ ಕವಿದಿತ್ತು, ಅವರಿಗೆ ಹೊಟ್ಟೆಯೇ ಸಾಕಿತ್ತು. ‘ಇಷ್ಟು ದೂರ ಬಂದು ಸುರಂಗ ನೋಡುವುದೇ?’ ಎಂದೆ. ‘ಇಷ್ಟು ದೂರ ಓಡಿಸಿದ್ದು ಯಾರು?’ ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರವಿಲ್ಲದಾಗ ನನಗೆ ಸಿಟ್ಟು ಹೆಚ್ಚು.

ಸುರಂಗ ಹೊಕ್ಕೆವು. ದಾಟಲು ಇಪ್ಪತ್ತು ನಿಮಿಷ. ಚಾಲಕರಿಗೆ ತೂಕಡಿಕೆ ಬರದಿರಲೆಂದು ಆರು ಕಿಲೋಮೀಟರಿಗೊಮ್ಮೆ ಬಂಡೆಯನ್ನು ದೊಡ್ಡ ಗುಹೆಯಂತೆ ಅಗೆದು, ಮೇಲೆ ನೀಲಿ, ಬುಡದಲ್ಲಿ ಹಳದಿ ಬೆಳಕು ಹಾಯಿಸಿದ್ದಾರೆ. ಬೆಳಗಾಗುವ ಹೊತ್ತಿನ ಆಕಾಶದ ಹಾಗೆ. ಅಂಥ ಮೂರು ಗುಹೆಗಳು. ಮೊದಲನೆಯದು ಬಂತು, ಇಬ್ಬರೂ ಮಾತಾಡಲಿಲ್ಲ. ಎರಡನೆಯದು ಬಂತು, ಹೋಯಿತು. ಮೂರನೆಯದರಲ್ಲಿ ಅವರು ಕಾರನ್ನು ಬದಿಗೆ ತಂದು ನಿಧಾನ ಮಾಡಿ, ‘ಇದು ಚೆನ್ನಾಗಿದೆ, ಅಲ್ಲವೇ?’ ಎಂದರು. ಚೆನ್ನಾಗಿಯೇ ಇತ್ತು. ಒಪ್ಪಿಕೊಳ್ಳಲು ನನಗೆ ಇನ್ನೊಂದು ಕಿಲೋಮೀಟರ್ ಬೇಕಾಯಿತು.

ಮರುದಿನ ಬೆಳಿಗ್ಗೆ ಆರಕ್ಕೆ ಅವರೇ ಎಬ್ಬಿಸಿ, ‘ಆಕಾಶ ತೆರೆದಿದೆ, ಏಳು’ ಎಂದರು. ಔರ್ಲಾಂಡ್ ಕಡೆಯಿಂದ ಹತ್ತಿದೆವು. ಫ್ಯೋರ್ಡ್‌ನಿಂದ 650 ಮೀಟರ್ ಮೇಲೆ, ಇಳಿಜಾರಿನಿಂದ 30 ಮೀಟರ್ ಗಾಳಿಗೆ ಚಾಚಿ ಕೆಳಕ್ಕೆ ಬಾಗಿದ ಸ್ಟೆಗಸ್ಟೈನ್ ಎಂಬ ಮರದ ಕಟ್ಟೆಯ ತುದಿಯಲ್ಲಿ ಇಬ್ಬರೇ ನಿಂತೆವು. ಬಸ್ಸುಗಳು ಬರುವ ಹೊತ್ತು ಇನ್ನೂ ಆಗಿರಲಿಲ್ಲ. ಮೇಲೆ ಹೋದಂತೆ ಜೂನ್‌ನಲ್ಲೂ ರಸ್ತೆಯ ಇಕ್ಕೆಲದಲ್ಲಿ ಹಿಮದ ಗೋಡೆ, ಅರ್ಧ ಹೆಪ್ಪುಗಟ್ಟಿದ ಕೊಳಗಳು. ಮರಳಲು ಸುರಂಗವನ್ನು ಆರಿಸಿದ್ದು ಈ ಸಲ ನಾನು. ಅಂದಿನಿಂದ ಒಪ್ಪಂದ: ಯಾವ ದಾರಿ ಎಂದು ಪಕ್ಕದಲ್ಲಿ ಕೂತವರು ಹೇಳುವುದು, ಇಂದು ಸಾಕು ಎಂದು ಚಕ್ರ ಹಿಡಿದವರು ಹೇಳುವುದು. ಅದಕ್ಕೆ ಮೇಲ್ಮನವಿ ಇಲ್ಲ.

ಒಪ್ಪಂದಕ್ಕೂ ಮೀರಿದ ಒಂದು ಜಾಗವಿದೆ. ಹಾರ್ಡಾಂಗರ್ ಸೇತುವೆಯ ಎರಡೂ ತುದಿ ನೇರವಾಗಿ ಬೆಟ್ಟದೊಳಗಿನ ಸುರಂಗಕ್ಕೆ ಹೋಗುತ್ತದೆ, ಸುರಂಗದೊಳಗೆ ನೀಲಿ ದೀಪದ ವೃತ್ತವಿದೆ. ಬೆಟ್ಟದ ಹೊಟ್ಟೆಯಲ್ಲಿ ಟ್ರಾಫಿಕ್ ವೃತ್ತ! ‘ಎರಡನೆಯ ತಿರುವು’ ಎಂದೆ, ಅವರಿಗೆ ಮೂರನೆಯದು ಎಂದು ಕೇಳಿಸಿತು. ಮೂರು ಸುತ್ತು ಹಾಕಿದೆವು. ಮೂರನೆಯ ಸುತ್ತಿಗೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಪ್ರಶ್ನೆ: ಸಸ್ಯಾಹಾರಿಗಳಿಗೆ ಊಟದ ವ್ಯವಸ್ಥೆ ಹೇಗೆ? ಖರ್ಚು ತುಂಬವೆಂದು ಕೇಳಿದ್ದೇವೆ.

ಸರಿಯಾಗಿಯೇ ಕೇಳಿದ್ದೀರಿ. ಹೋಟೆಲಿನಲ್ಲಿ ಒಂದು ಪಿಜ್ಜಾಕ್ಕೆ 200 ಕ್ರೋನ ಮೀರಿದ ಬಿಲ್ ನೋಡಿದ ಮೇಲೆ ನಾವು ಹೊರಗೆ ತಿಂದದ್ದು ನಾಲ್ಕೇ ಸಲ. ಉಳಿದದ್ದೆಲ್ಲ ‘ಹಿತ್ತೆ’ಯಲ್ಲಿ. ಬಿಡಾರದ ತಾಣಗಳಲ್ಲಿ ಬಾಡಿಗೆಗೆ ಸಿಗುವ ಮರದ ಪುಟ್ಟ ಗುಡಿಸಲು ಅದು: ಒಂದರ ಮೇಲೊಂದು ಮಂಚ, ಎರಡು ಒಲೆಯ ವಿದ್ಯುತ್ ಸ್ಟೌವ್, ಕಿಟಕಿಯಾಚೆ ಫ್ಯೋರ್ಡ್. ಅನ್ನ, ಬೇಳೆ, ಮನೆಯಿಂದ ಒಯ್ದ ಚಟ್ನಿಪುಡಿ. ನಲ್ಲಿಯ ನೀರು ಬೆಟ್ಟದಿಂದಲೇ ಇಳಿದಂತೆ ತಣ್ಣಗೆ, ಸಿಹಿಯಾಗಿರುತ್ತದೆ. ಬಾಟಲಿ ನೀರು ಕೊಳ್ಳುವುದು ದುಂದು. ಹೊರಡುವ ಮುನ್ನ ಗುಡಿಸಿ ಒರೆಸಿ ಹೋಗುವುದು ನಿಮ್ಮ ಕೆಲಸ. ಹಾಸಿಗೆಗೆ ಬಟ್ಟೆ ಸಾಮಾನ್ಯವಾಗಿ ನಾವೇ ಒಯ್ಯಬೇಕು. ಅದನ್ನು ನಾನು ಓದಿಕೊಂಡಿರಲಿಲ್ಲ.

ಭಾನುವಾರ ದೊಡ್ಡ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ಹಾಲು ಬ್ರೆಡ್ಡು ತಂದಿಡಿ. ಮಧ್ಯಾಹ್ನಕ್ಕೆ ಅಲ್ಲಿನವರಂತೆ ‘ಮಾತ್‌ಪಾಕ್ಕೆ’ ಕಟ್ಟಿಕೊಳ್ಳಿ: ಎರಡು ಹೋಳು ಬ್ರೆಡ್ಡು, ಮೇಲೆ ಏನೋ ಒಂದು, ಕಾಗದದಲ್ಲಿ ಸುತ್ತಿದ್ದು. ಆ ಏನೋ ಒಂದು ಬಹುಪಾಲು ‘ಬ್ರೂನೊಸ್ತ್’, ಕಂದು ಚೀಸ್. ಹಾಲೊಡೆದ ತಿಳಿಯನ್ನು ಸಕ್ಕರೆಯಂಶ ಕೆಂಪಾಗುವವರೆಗೆ ಕುದಿಸಿ ಕಟ್ಟುವುದು. ‘ಉಪ್ಪು ಬಿದ್ದ ಪೇಡ’ ಎಂದರು ನಮ್ಮವರು, ಎಂದವರೇ ಅರ್ಧ ಕಿಲೋ ಮುಗಿಸಿದರು. ಅದನ್ನು ಎಲೆಯಷ್ಟು ತೆಳ್ಳಗೆ ಹೆರೆಯುವ ಸಾಧನವೂ ನಾರ್ವೆಯದೇ, 1925ರಲ್ಲಿ ಲಿಲ್ಲೆಹಾಮರ್‌ನ ಬಡಗಿಯೊಬ್ಬರು ರೂಪಿಸಿದ್ದು. ಬಡಗಿ ಎನ್ನುವುದು ಅದನ್ನು ನೋಡಿದರೇ ಗೊತ್ತಾಗುತ್ತದೆ, ಅಡುಗೆಮನೆಗೆ ಬಂದ ಉಜ್ಜುಗೊರಡು. ನಾವು ಕೊಂಡುತಂದ ಒಂದೇ ಸ್ಮರಣಿಕೆ ಅದು.

ಪ್ರಶ್ನೆ: ಬೇಸಿಗೆಯಲ್ಲಿ ರಾತ್ರಿಯೇ ಆಗುವುದಿಲ್ಲವಂತೆ. ನಿದ್ದೆ ಹೇಗೆ?

ನಡುರಾತ್ರಿಯ ಸೂರ್ಯ ಕಾಣುವುದು ಆರ್ಕ್‌ಟಿಕ್ ವೃತ್ತದ ಉತ್ತರಕ್ಕೆ. ನಾವು ಸುತ್ತಿದ ದಕ್ಷಿಣಾರ್ಧದಲ್ಲಿ ಸೂರ್ಯ ಮುಳುಗುತ್ತಾನೆ, ಜೂನ್‌ನಲ್ಲಿ ಬರ್ಗನ್‌ನಲ್ಲಾದರೆ ರಾತ್ರಿ ಹನ್ನೊಂದು ದಾಟಿದ ಮೇಲೆ. ಆದರೆ ಪೂರ್ತಿ ಕತ್ತಲಾಗುವುದಿಲ್ಲ. ಹಿತ್ತೆಯ ಪರದೆ ತೆಳುವಾದದ್ದು. ಮೊದಲ ರಾತ್ರಿ ನಮ್ಮವರು ಎರಡು ಗಂಟೆಗೆ ಎದ್ದು ಹಲ್ಲುಜ್ಜಿದರು. ನಾನು ಒಯ್ದಿದ್ದು ಎರಡು ಸೀರೆ, ಬರ್ಗನ್‌ನಲ್ಲಿ ಸಂಗೀತ ಕಛೇರಿಗೆ ಉಡಬೇಕೆಂದು. ಒಂದು ಕಿಟಕಿಗೆ ಹೋಯಿತು, ಇನ್ನೊಂದು ಹಾಸಿಗೆಗೆ. ಕಛೇರಿಗೆ ಜೀನ್ಸ್‌ನಲ್ಲಿ ಹೋದೆ.

ಆದರೂ ಜೂನ್ 23ರ ಸಂಜೆ ಮಲಗಬೇಡಿ. ಅಂದು ಸಾಂಕ್ಟ್ ಹಾನ್ಸ್, ನಡುಬೇಸಿಗೆಯ ಹಬ್ಬ. ಹಾರ್ಡಾಂಗರ್ ದಡದ ಉದ್ದಕ್ಕೂ ಬೆಂಕಿ ಹಾಕಿದ್ದರು. ನೀರಿನಾಚೆ ಒಂದೊಂದೇ ಕಿಡಿ ಹೊತ್ತಿಕೊಳ್ಳುವುದನ್ನು ಹತ್ತೂವರೆಯ ಬೆಳಕಿನಲ್ಲಿ ಎಣಿಸುತ್ತ ಕೂತಿದ್ದೆವು.

ಪ್ರಶ್ನೆ: ಫ್ಯೋರ್ಡ್‌ಗಳ ನಡುವೆ ನಗರಗಳಿಗೆ ಸಮಯ ಕೊಡುವುದು ದಂಡವೇ?

ದಂಡವಲ್ಲ, ಕಾರು ದಂಡ. ನಗರದಲ್ಲಿ ಅದನ್ನು ನಿಲ್ಲಿಸಿ ಮರೆತುಬಿಡಿ. ಓಸ್ಲೋದಲ್ಲಿ ಬಾಡಿಗೆ ಕಾರು ತೆಗೆದುಕೊಳ್ಳುವುದನ್ನು ಎರಡು ದಿನ ಮುಂದಕ್ಕೆ ಹಾಕಿ ಟ್ರಾಮ್ ಹತ್ತಿ. ಒಪೆರಾ ಭವನ 2008ರದು, ನೀರಿನಿಂದಲೇ ಏಳುವ ಇಳಿಜಾರು ಬಿಳಿ ಛಾವಣಿಯ ಮೇಲೆ ಯಾರು ಬೇಕಾದರೂ ನಡೆಯಬಹುದು, ಟಿಕೆಟ್ ಇಲ್ಲ. ಗುಸ್ತಾವ್ ವಿಗೆಲಾಂಡ್‌ನ ಶಿಲ್ಪೋದ್ಯಾನದಲ್ಲಿ ಇನ್ನೂರಕ್ಕೂ ಹೆಚ್ಚು ಪ್ರತಿಮೆಗಳು, ಹುಟ್ಟಿನಿಂದ ಮುಪ್ಪಿನವರೆಗೆ, ಬೆತ್ತಲೆ ಮನುಷ್ಯರು. ಮೊದಲ ಐದು ನಿಮಿಷ ಮುಜುಗರ, ಆಮೇಲೆ ನಾವು ಬಟ್ಟೆ ತೊಟ್ಟಿರುವುದೇ ವಿಚಿತ್ರ ಎನಿಸುತ್ತದೆ. ಬೆನ್ನಿಗೆ ಬೆನ್ನು ತಾಗಿಸಿ ಕೂತ ಗಂಡು ಹೆಣ್ಣಿನ ಪ್ರತಿಮೆಯ ಮುಂದೆ ನಮ್ಮವರು ಬಹಳ ಹೊತ್ತು ನಿಂತಿದ್ದರು.

ಬರ್ಗನ್‌ನ ಬ್ರಿಗ್ಗೆನ್ ಧಕ್ಕೆಯಲ್ಲಿ ಹಾನ್ಸಾ ಎಂಬ ವ್ಯಾಪಾರಿ ಕೂಟದ ಜರ್ಮನ್ ವರ್ತಕರು ಒಣಮೀನಿನ ವ್ಯಾಪಾರ ನಡೆಸಿದ ಮರದ ಸಾಲುಮನೆಗಳಿವೆ. 1702ರ ಬೆಂಕಿಯ ನಂತರ ಹಳೆಯ ವಿನ್ಯಾಸದಲ್ಲೇ ಮತ್ತೆ ಕಟ್ಟಿದರು. ಮುಂಭಾಗದ ಬಣ್ಣದ ಫೋಟೋ ತೆಗೆದು ತಿರುಗಬೇಡಿ, ಹಿಂದಿನ ಗಲ್ಲಿಗಳಿಗೆ ನುಗ್ಗಿ: ತಲೆಯ ಮೇಲೆ ಮರದ ಮೊಗಸಾಲೆ, ಕಾಲಡಿ ಹಲಗೆ, ಮೂಗಿಗೆ ಡಾಂಬರಿನ ವಾಸನೆ. ಬೆಂಕಿಯ ಭಯದಿಂದ ಆ ಮನೆಗಳಲ್ಲಿ ಒಲೆ ಹಚ್ಚುವಂತಿರಲಿಲ್ಲ; ಅಡುಗೆಗೂ ಚಳಿ ಕಾಯಿಸಲೂ ಹಿಂದೆ ಬೇರೆಯೇ ಕಟ್ಟಡ. ಬರ್ಗನ್‌ನ ಮಳೆ ಯೋಚಿಸಿದರೆ ಆ ವರ್ತಕರ ಹುಡುಗರ ಮೇಲೆ ಕನಿಕರ ಬರುತ್ತದೆ.

ನನ್ನ ಒಲವು ಓಲೆಸುಂಡ್ ಕಡೆಗೆ. 1904ರ ಜನವರಿ 23ರ ರಾತ್ರಿ ಊರು ಸುಟ್ಟು ಹತ್ತು ಸಾವಿರ ಜನ ಚಳಿಯಲ್ಲಿ ಬೀದಿಗೆ ಬಿದ್ದರು. ಮೂರ್ನಾಲ್ಕು ವರ್ಷಗಳಲ್ಲಿ ಕಲ್ಲು ಇಟ್ಟಿಗೆಯಲ್ಲಿ, ಆ ಕಾಲದ ಆರ್ಟ್ ನೂವೊ ಶೈಲಿಯಲ್ಲಿ, ಇಡೀ ಊರನ್ನು ಒಂದೇ ಕೈ ಬರೆದಂತೆ ಎಬ್ಬಿಸಿದರು. ಗೋಪುರ, ಬಳ್ಳಿ, ಬಾಗಿಲ ಮೇಲೊಂದು ಗೂಬೆಯ ಮುಖ. ಅಕ್ಸ್‌ಲಾ ಗುಡ್ಡದ 418 ಮೆಟ್ಟಿಲು ಹತ್ತಿದರೆ ಊರು ನೀರಿನಲ್ಲಿ ತೇಲುವ ತಟ್ಟೆಯಂತೆ ಕಾಣುತ್ತದೆ. ನಾನು ಎಣಿಸಿದ್ದು 411. ಏಳನ್ನು ಮೊಣಕಾಲು ನುಂಗಿರಬೇಕು.

ಟ್ರೋನ್‌ಹೈಮ್‌ಗೆ ಒಂದು ದಿನ ಸಾಕು: 1030ರಲ್ಲಿ ಕಾದಾಟದಲ್ಲಿ ಮಡಿದ ರಾಜ ಓಲಾವ್‌ನ ಸಮಾಧಿಯ ಮೇಲೆದ್ದ ನಿದಾರೋಸ್ ಮಹಾದೇಗುಲ, ಮತ್ತು ಹಳೆಯ ಮರದ ಸೇತುವೆ.

ಪ್ರಶ್ನೆ: ತ್ರೋಲ್‌ಸ್ಟೀಗೆನ್ ತಿರುವುಗಳ ಬಗ್ಗೆ ನೀವು ಒಂದು ಸಾಲನ್ನೂ ಬರೆಯಲಿಲ್ಲ!

1936ರಲ್ಲಿ ತೆರೆದ, ಹನ್ನೊಂದು ಹಿಮ್ಮುರಿ ತಿರುವುಗಳ ಆ ರಸ್ತೆಯನ್ನು ಕಲ್ಲು ಕುಸಿಯುವ ಅಪಾಯದಿಂದ 2024ರ ಬೇಸಿಗೆಯ ನಡುವೆಯೇ ಮುಚ್ಚಿದರು. ಹೊರಡುವ ಮುನ್ನ ರಸ್ತೆ ಇಲಾಖೆಯ ಪ್ರಕಟಣೆ ನೋಡಿಕೊಳ್ಳಿ. ತಿರುವಿನ ಆಸೆಯಿದ್ದರೆ ಗೈರಂಗರ್‌ನಿಂದ ಮೇಲೇರುವ ‘ಹದ್ದಿನ ರಸ್ತೆ’ಗೂ ಹನ್ನೊಂದೇ ತಿರುವು, ಕೆಳಗೆ ಫ್ಯೋರ್ಡ್ ಬೇರೆ. ದಾಟಿ ವಾಲ್‌ದಾಲ್‌ಗೆ ಹೋದರೆ ಜುಲೈನಲ್ಲಿ ರಸ್ತೆ ಬದಿ ಸ್ಟ್ರಾಬೆರಿ. ಉದ್ದ ಹಗಲಿನಲ್ಲಿ ನಿಧಾನ ಹಣ್ಣಾಗುವುದರಿಂದ ರುಚಿ ಎನ್ನುತ್ತಾರೆ. ಕಾರಿನ ಸೀಟಿನಲ್ಲಿ ಆ ಕಲೆ ಉಳಿದಿತ್ತು, ನಾವು ಉಜ್ಜಿ ಉಜ್ಜಿ ಸಾಕಾದೆವು.

ಪ್ರಶ್ನೆ: ಎಲ್ಲಿ ಬೇಕಾದರೂ ಡೇರೆ ಹಾಕಬಹುದು ಎನ್ನುವುದು ನಿಜವೇ?

ಬೇಲಿಯಿಲ್ಲದ, ಸಾಗುವಳಿಯಿಲ್ಲದ ಜಾಗದಲ್ಲಿ ಹೌದು. 1957ರ ಕಾನೂನು ಎಲ್ಲರಿಗೂ ಆ ಹಕ್ಕು ಕೊಟ್ಟಿದೆ. ಜನವಾಸದ ಮನೆಯಿಂದ 150 ಮೀಟರ್ ದೂರವಿರಬೇಕು, ಒಂದೇ ಕಡೆ ಎರಡು ರಾತ್ರಿ ಮೀರುವುದಾದರೆ ಜಮೀನಿನವರನ್ನು ಕೇಳಬೇಕು. ಏಪ್ರಿಲ್ 15ರಿಂದ ಸೆಪ್ಟೆಂಬರ್ 15ರವರೆಗೆ ಕಾಡಿನಲ್ಲಿ ಬೆಂಕಿ ಹಾಕುವಂತಿಲ್ಲ. ಈ ಹಕ್ಕು ನಡೆದು ಹೋಗುವವರದು. ಹುಲ್ಲಿನ ಮೇಲೆ ಕಾರು ಹತ್ತಿಸುವುದು ಅದರಲ್ಲಿ ಸೇರಿಲ್ಲ.

ಪ್ರಶ್ನೆ: ಮನೆಗೆ ಬಂದ ಮೇಲೆ ಸುಂಕ, ದಂಡ ಎಂದು ಏನಾದರೂ ಬಂತೇ?

ದಂಡ ಬರಲಿಲ್ಲ, ಸುಂಕದ ಪಟ್ಟಿ ಬಂತು. ಅಲ್ಲಿ ಸುಂಕಕಟ್ಟೆಯಲ್ಲಿ ಕಾರು ನಿಲ್ಲಿಸುವುದೇ ಇಲ್ಲ, ಕ್ಯಾಮೆರಾ ಕೆಳಗೆ ಹಾದುಹೋಗುವುದು. ಬಾಡಿಗೆ ಕಾರಾದರೆ ಆ ಲೆಕ್ಕವನ್ನೆಲ್ಲ ಒಟ್ಟುಗೂಡಿಸಿ ನಿಮ್ಮ ಕಾರ್ಡಿನಿಂದ ತೆಗೆದುಕೊಳ್ಳುತ್ತಾರೆ. ನಮಗೆ ಎರಡು ತಿಂಗಳ ನಂತರ ಬಂದ ಪಟ್ಟಿಯಲ್ಲಿ ಪ್ರತಿ ಸುಂಕ, ಪ್ರತಿ ಫೆರ್ರಿ, ದಿನಾಂಕ, ನಿಮಿಷ ಸಮೇತ. ನಾನು ದಿನಚರಿ ಬರೆಯುವುದನ್ನು ಗೈರಂಗರ್‌ನಲ್ಲೇ ಬಿಟ್ಟಿದ್ದೆ, ಇದು ಮುಂದುವರಿಸಿತ್ತು. ಐಡ್ಸ್‌ದಾಲ್‌ನಲ್ಲಿ ಸರಪಳಿ ಎಳೆದ ಮಧ್ಯಾಹ್ನ ಯಾವ ದೋಣಿ ಹಿಡಿದೆವು ಎನ್ನುವುದು ಅದರಲ್ಲಿದೆ. ಲಾವಿಕ್‌ನ ಇಪ್ಪತ್ತು ನಿಮಿಷವೂ ಇದೆ.

ಜೂನ್ 25ರಂದು ಬರ್ಗನ್ ಪ್ರವೇಶ ಎಂದಿದೆ. ಸರಿ. ಜೂನ್ 27ರಂದು ಮತ್ತೆ ಬರ್ಗನ್ ಪ್ರವೇಶ ಎಂದಿದೆ. 27 ನಾವು ಬರ್ಗನ್ ಬಿಟ್ಟು ಉತ್ತರಕ್ಕೆ ಹೊರಟ ದಿನ. ನಗರ ದಾಟಿ, ತೇಲುಸೇತುವೆ ದಾಟಿ, ಇನ್ನಷ್ಟು ದೂರ ಹೋದ ಮೇಲೆ ನನಗೆ ನೆನಪಾಗಿತ್ತು, ಉಳಿದುಕೊಂಡಿದ್ದ ಮನೆಯ ಬಾಗಿಲ ಹಿಂದೆ ನನ್ನ ಕೊಡೆ ಹಾಗೆಯೇ ತೂಗುತ್ತಿದೆ ಎಂದು. ನಮ್ಮವರು ಏನೂ ಹೇಳದೆ ಕಾರು ತಿರುಗಿಸಿದ್ದರು. ದಾರಿಯುದ್ದಕ್ಕೂ ಒಂದು ಮಾತಿಲ್ಲ, ಒಂದು ನಿಟ್ಟುಸಿರೂ ಇಲ್ಲ, ನಾನು ಮೆಚ್ಚಿಕೊಂಡಿದ್ದೆ. ಪಟ್ಟಿ ಬಂದ ದಿನ ಅದನ್ನು ಅಚ್ಚು ತೆಗೆದು ನನ್ನ ಮೇಜಿನ ಮೇಲಿಟ್ಟಿದ್ದರು. ಆ ಸಾಲಿನ ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ದುಂಡಗಿನ ಅಕ್ಷರದಲ್ಲಿ ‘ಕೊಡೆ’ ಎಂದು ಬರೆದಿತ್ತು.